ಆಯುಧಪೂಜೆಯ ಅವಸರದಲ್ಲಿ ಅಲಾಯ್ ವೀಲ್‌ಗೆ ಆಸಿಡ್ ಬೇಡ

ಮಾನ್ಯ ಸಂಪಾದಕರೇ,

ಆಯುಧಪೂಜೆ ಹತ್ತಿರ ಬಂತೆಂದರೆ ಊರೂರಿನ ವಾಟರ್ ಸರ್ವೀಸ್ ಅಂಗಡಿಗಳ ಮುಂದೆ ಕಾರುಗಳ ಸಾಲು. ಬಾಡಿ ತೊಳೆಯುವುದು ಕಷ್ಟವಲ್ಲ. ಸತಾಯಿಸುವುದು ಮುಂದಿನ ಎರಡು ಅಲಾಯ್ ವೀಲ್‌ಗಳು. ಸ್ಪೋಕ್‌ಗಳ ಸಂದಿ, ನಟ್ಟುಗಳ ಗುಳಿ, ರಿಮ್ಮಿನ ಒಳಮೈ ಎಲ್ಲೆಡೆ ಕಚ್ಚಿಕೊಂಡ ಕಂದುಗಪ್ಪು ಪುಡಿ ಶಾಂಪೂವಿಗೂ ಜಗ್ಗದು, ಜೆಟ್ ನೀರಿಗೂ ಜಗ್ಗದು. ಆಗ ಮೂಲೆಯಲ್ಲಿದ್ದ ಕ್ಯಾನು ಹೊರಬರುತ್ತದೆ. ಅದರಲ್ಲಿರುವುದು ಅನೇಕ ಕಡೆ ನೀರು ಬೆರೆಸಿದ ಆಸಿಡ್. ಬ್ರಷ್ಷಿನಿಂದ ಸವರಿ ಅರ್ಧ ನಿಮಿಷ ಬಿಟ್ಟು ನೀರು ಹೊಡೆದರೆ ವೀಲ್ ಹೊಸದರಂತೆ ಹೊಳೆಯುತ್ತದೆ, ಮಾಲೀಕರೂ ಸಂತೋಷದಿಂದ ಹಣ ಕೊಟ್ಟು ಹೋಗುತ್ತಾರೆ. ಇದನ್ನೇ ನಾಲ್ಕಾರು ಸಲ ಮಾಡಿದ ಮೇಲೆ ಅದೇ ವೀಲ್ ಮಂಕಾಗಿ, ಅಂಚಿನಲ್ಲಿ ಬಿಳಿ ಗೆರೆ ಎದ್ದು, ಪೊರೆ ಸುಲಿಯತೊಡಗುತ್ತದೆ. ಅಷ್ಟು ಹೊತ್ತಿಗೆ ಕಾರಣ ಯಾರಿಗೂ ನೆನಪಿರುವುದಿಲ್ಲ. ಆಸಿಡ್ ಇಲ್ಲದೆಯೇ ಈ ಕೊಳೆ ತೆಗೆಯಲು ಬರುತ್ತದೆ. ಅದು ಹೇಗೆಂದು ಮಾಲೀಕರಿಗೂ ತೊಳೆಯುವ ಹುಡುಗರಿಗೂ ತಿಳಿಯಲೆಂದು ಈ ಪತ್ರ.

ಮೊದಲು ಈ ಪುಡಿ ಏನೆಂದು ತಿಳಿಯಬೇಕು. ಇದು ರಸ್ತೆಯ ಧೂಳಲ್ಲ. ಬ್ರೇಕ್ ಒತ್ತಿದಾಗ ಎರಕದ ಕಬ್ಬಿಣದ ಡಿಸ್ಕ್ ಮತ್ತು ಅದನ್ನು ಹಿಡಿಯುವ ಪ್ಯಾಡ್ ಎರಡೂ ಸವೆಯುತ್ತವೆ. ಪ್ಯಾಡ್‌ನಲ್ಲಿ ಉಕ್ಕಿನ ನಾರು, ಕಬ್ಬಿಣದ ಪುಡಿ, ಗ್ರಾಫೈಟ್, ಇವನ್ನೆಲ್ಲ ಹಿಡಿದಿಡುವ ರಾಳ ಇರುತ್ತವೆ. ಸವೆದ ಕಣಗಳು ಬಿಸಿಯಾಗಿಯೇ ಹಾರಿ ವೀಲ್‌ನ ಮೇಲೆ ಕೂರುತ್ತವೆ. ಪೇಟೆಯ ಸಿಗ್ನಲ್‌ಗಳ ನಡುವೆಯೂ ಪುಡಿ ಬೀಳುತ್ತದೆ. ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳನ್ನು ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದರಂತೂ ಡಿಸ್ಕಿನ ಬಿಸಿ 200 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಪುಡಿಯೂ ಹೆಚ್ಚುತ್ತದೆ. ವೀಲ್‌ನ ಮೇಲೆ ಕೂತ ಕಬ್ಬಿಣದ ಕಣಕ್ಕೆ ಇಬ್ಬನಿಯೋ ಮಳೆಹನಿಯೋ ತಾಗಿದರೆ ಸಾಕು, ತುಕ್ಕು ಹಿಡಿದು ಹಿಗ್ಗಿ ಪಾರದರ್ಶಕ ಪೊರೆಗೆ, ಅಂದರೆ ಕ್ಲಿಯರ್ ಕೋಟ್‌ಗೆ, ಬೇರು ಬಿಡುತ್ತದೆ. ಸೋಪು ತೆಗೆಯುವುದು ಜಿಡ್ಡನ್ನು. ಬೇರೂರಿದ ತುಕ್ಕಿಗೆ ಅದು ಏನೂ ಮಾಡಲಾರದು. ಕರಾವಳಿಯ ಉಪ್ಪುಗಾಳಿಯಲ್ಲಿ ಈ ಕೆಲಸ ಇನ್ನೂ ಬೇಗ ನಡೆಯುತ್ತದೆ.

ಆಸಿಡ್ ತುಕ್ಕನ್ನು ಕರಗಿಸುತ್ತದೆ, ಅದು ನಿಜ. ಆದರೆ ಅಲಾಯ್ ವೀಲ್ ಎಂದರೆ ಸಿಲಿಕಾನ್ ಬೆರೆತ ಅಲ್ಯೂಮಿನಿಯಂ. ಅಲ್ಯೂಮಿನಿಯಂ ತನ್ನ ಮೇಲೆ ತಾನೇ ಕಟ್ಟಿಕೊಳ್ಳುವ ತೆಳು ಆಕ್ಸೈಡ್ ಪೊರೆಯಿಂದ ಬದುಕಿರುವ ಲೋಹ. ಆ ಪೊರೆ ಉಳಿಯುವುದು ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, ಸುಮಾರು 4ರಿಂದ 8.5ರವರೆಗೆ ಇದ್ದಾಗ. ಹಾಗಾಗಿ ಆಸಿಡ್ ಮಾತ್ರವಲ್ಲ, ಕಾಸ್ಟಿಕ್ ಸೋಡಾ ಇರುವ ಕಟುವಾದ ಕ್ಲೀನರ್‌ಗಳೂ ಇದನ್ನು ತಿನ್ನುತ್ತವೆ. ಮೇಲಿನ ಲ್ಯಾಕರ್, ಅಂದರೆ ಆ ಕ್ಲಿಯರ್ ಕೋಟ್, ಇಡಿಯಾಗಿರುವ ತನಕ ಒಳಗಿನ ಲೋಹಕ್ಕೆ ರಕ್ಷಣೆ ಇದೆ. ಆದರೆ ಕಲ್ಲು ಸಿಡಿದ ಚುಕ್ಕೆ, ಫುಟ್‌ಪಾತಿಗೆ ತಾಗಿದ ಗೀರು, ಬ್ಯಾಲೆನ್ಸಿಂಗ್ ತೂಕ ಬಡಿದ ಅಂಚು ಇಲ್ಲದ ವೀಲ್ ಎಲ್ಲಿದೆ? ಆಸಿಡ್ ಅಲ್ಲಿಂದಲೇ ಒಳನುಗ್ಗಿ ಲ್ಯಾಕರ್‌ನ ಅಡಿಯಲ್ಲಿ ಹರಡುತ್ತದೆ. ಮುಖವನ್ನು ಲೇತಿನಲ್ಲಿ ಕೆತ್ತಿ ಹೊಳಪು ಕೊಟ್ಟ ಡೈಮಂಡ್ ಕಟ್ ವೀಲ್‌ಗಳ ಮೇಲೆ ಎರೆಹುಳು ಹರಿದಂತೆ ಕಾಣುವ ಬಿಳಿ ಗೆರೆಗಳು ಲ್ಯಾಕರ್ ಅಡಿಯ ಇಂಥ ತುಕ್ಕೇ. ಮತ್ತೆ ಲೇತಿಗೆ ಹಾಕಿ ಮೇಲ್ಮೈ ಕೆತ್ತಿಸಬಹುದು, ಆದರೆ ಪ್ರತಿ ಸಲವೂ ಲೋಹ ಕಡಿಮೆಯಾಗುವುದರಿಂದ ಒಂದೆರಡು ಸಲಕ್ಕಿಂತ ಹೆಚ್ಚು ಮಾಡಿಸಲು ಬರುವುದಿಲ್ಲ. ಕಕ್ಕಸು ತೊಳೆಯುವ ಹೈಡ್ರೋಕ್ಲೋರಿಕ್ ಆಸಿಡ್ಡಿನ ಆವಿ ಪಕ್ಕದಲ್ಲಿರುವ ಡಿಸ್ಕ್, ನಟ್ಟು, ಪ್ಯಾಡ್ ಒತ್ತುವ ಕ್ಯಾಲಿಪರ್‌ಗಳಿಗೂ ತುಕ್ಕು ಹಿಡಿಸುತ್ತದೆ.

ವೀಲ್‌ಗಿಂತ ದೊಡ್ಡ ಚಿಂತೆ ತೊಳೆಯುವವರ ಕೈ. ವೀಲ್‌ಗೆಂದು ಮಾರುವ ಕೆಲವು ದ್ರವಗಳಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಇರುತ್ತದೆ, ಇಲ್ಲವೇ ನೀರಿನಲ್ಲಿ ಅದನ್ನೇ ಕೊಡುವ ಅಮೋನಿಯಂ ಬೈಫ್ಲೋರೈಡ್ ಇರುತ್ತದೆ. ತೆಳುವಾಗಿ ಬೆರೆಸಿದಾಗ ಇದು ಚರ್ಮಕ್ಕೆ ತಾಗಿದರೂ ತಕ್ಷಣ ಉರಿಯುವುದಿಲ್ಲ. ಗಂಟೆಗಳ ನಂತರ ನೋವು ಶುರುವಾಗುತ್ತದೆ. ಅಷ್ಟರಲ್ಲಿ ಅದು ಮಾಂಸದೊಳಗೆ ಇಳಿದು ದೇಹದ ಕ್ಯಾಲ್ಸಿಯಂ ಅನ್ನೇ ಹಿಡಿದುಕೊಂಡಿರುತ್ತದೆ. ಇದಕ್ಕೆ ಆಸ್ಪತ್ರೆಯಲ್ಲಿ ಹಚ್ಚುವುದು ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್. ಬರಿಗೈಯಲ್ಲಿ, ಹವಾಯಿ ಚಪ್ಪಲಿಯಲ್ಲಿ ಇಡೀ ದಿನ ನಿಲ್ಲುವ ಹುಡುಗರ ಕೈಗೆ ಈ ಕ್ಯಾನು ಕೊಡುವುದು ತಪ್ಪು. ಇದನ್ನು ನಾವು ಯಾವ ಮುಲಾಜೂ ಇಲ್ಲದೆ ಹೇಳುತ್ತೇವೆ.

ಈ ಕೆಲಸಕ್ಕೆ ಬೇಕಾದ ವಸ್ತು ಐರನ್ ರಿಮೂವರ್. ಕಾರು ಸಾಮಗ್ರಿ ಮಾರುವ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಸಿಗುತ್ತದೆ. ಲೇಬಲ್ ಮೇಲೆ ಪಿಎಚ್ ನ್ಯೂಟ್ರಲ್ ಎಂದಿರಬೇಕು. ಒಳಗಿನ ಕೆಲಸಗಾರ ಥಯೋಗ್ಲೈಕೊಲೇಟ್ ಎಂಬ ಲವಣ. ಕೂದಲು ತೆಗೆಯುವ ಕ್ರೀಮುಗಳಲ್ಲಿರುವುದೂ ಇದೇ ಜಾತಿಯದು, ಅದಕ್ಕೇ ಕೊಳೆತ ಮೊಟ್ಟೆಯ ವಾಸನೆ. ಕಬ್ಬಿಣ ಸಿಕ್ಕಿದಲ್ಲಿ ಅದನ್ನು ಹಿಡಿದು ನೀರಿನಲ್ಲಿ ಕರಗುವಂತೆ ಮಾಡಿ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಇಡಿಯಾಗಿರುವ ಲ್ಯಾಕರ್ ತಂಟೆಗೆ ಹೋಗುವುದಿಲ್ಲ. 15-16 ಇಂಚಿನ ಒಂದು ವೀಲ್‌ಗೆ 40ರಿಂದ 50 ಮಿಲಿ ಸಾಕು. ಅರ್ಧ ಲೀಟರಿನ ಬಾಟಲಿ ಹತ್ತು ವೀಲ್‌ಗೆ ಬರುತ್ತದೆ.

ತೊಳೆಯುವ ಮುಂಚೆ ವೀಲ್ ಮುಟ್ಟಿ ನೋಡಿ. ಬೆಚ್ಚಗಿದ್ದರೂ ಕೆಲಸ ಶುರು ಮಾಡಬೇಡಿ. ನೆರಳಿನಲ್ಲಿ ನಿಲ್ಲಿಸಿ ಅರ್ಧ ಗಂಟೆಯಾದರೂ ಬಿಡಿ. ಬಿಸಿ ಮೈಮೇಲೆ ದ್ರವ ಒಣಗಿ ಕಲೆ ಉಳಿಯುತ್ತದೆ, ಕಾದ ಡಿಸ್ಕಿಗೆ ತಣ್ಣೀರು ಬೀಳುವುದೂ ಒಳ್ಳೆಯದಲ್ಲ. ಬಾಡಿಗಿಂತ ಮುಂಚೆ ವೀಲ್, ಅದೂ ಒಂದೊಂದಾಗಿ ಮುಗಿಸಿಕೊಂಡು ಹೋಗಿ. ನಾಲ್ಕಕ್ಕೂ ಒಟ್ಟಿಗೆ ದ್ರವ ಹೊಡೆದರೆ ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಅದು ಒಣಗಿರುತ್ತದೆ. ಮೊದಲು ನೀರು ಹಾಕಿ ಸಡಿಲವಾದ ಮಣ್ಣು ಮತ್ತು ಪುಡಿ ಇಳಿಸಿ. ಒಣ ಪುಡಿಯನ್ನು ಬಟ್ಟೆಯಲ್ಲಿ ಉಜ್ಜಿದರೆ ಉಪ್ಪುಕಾಗದ ಉಜ್ಜಿದಂತೆ. ಕಂಪ್ರೆಸರ್ ಗಾಳಿ ಹೊಡೆದು ಹಾರಿಸುವುದಂತೂ ಕೂಡದು, ಅದೆಲ್ಲ ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಆಮೇಲೆ ಐದು ಲೀಟರ್ ನೀರಿಗೆ 10-15 ಮಿಲಿ ಕಾರ್ ಶಾಂಪೂ ಬೆರೆಸಿ ಒಂದು ಸುತ್ತು ತೊಳೆದು ಜಿಡ್ಡು ತೆಗೆಯಿರಿ. ಜಿಡ್ಡಿನ ಪದರ ಇದ್ದರೆ ರಿಮೂವರ್ ಕಬ್ಬಿಣದವರೆಗೆ ತಲುಪುವುದೇ ಇಲ್ಲ. ದುಬಾರಿ ಬಾಟಲಿ ತಂದು 'ಏನೂ ಆಗಲಿಲ್ಲ' ಎನ್ನುವವರಲ್ಲಿ ಬಹುತೇಕರು ಬಿಟ್ಟಿರುವುದು ಈ ಹಂತವನ್ನೇ.

ನೀರು ಸೋರಿದ ಮೇಲೆ ಕೈಗವಸು ಹಾಕಿಕೊಂಡು ಐರನ್ ರಿಮೂವರ್ ಸಿಂಪಡಿಸಿ. ಸ್ಪೋಕಿನ ಮುಖಕ್ಕಷ್ಟೇ ಅಲ್ಲ, ಅದರ ಬೆನ್ನಿಗೂ ಬ್ಯಾರೆಲ್‌ಗೂ, ಅಂದರೆ ರಿಮ್ಮಿನ ಒಳಮೈಗೂ, ತಾಗಲಿ. ಮೂರರಿಂದ ಐದು ನಿಮಿಷದಲ್ಲಿ ನೇರಳೆ ನೀರು ಇಳಿಯತೊಡಗುತ್ತದೆ. ಡಿಸ್ಕಿನಿಂದಲೂ ಇಳಿಯುತ್ತದೆ, ಅದೂ ಕಬ್ಬಿಣವೇ ಆದ್ದರಿಂದ ಗಾಬರಿ ಬೇಡ. ಒಣಗುವಂತೆ ಕಂಡರೆ ಇನ್ನೆರಡು ಸಲ ಸಿಂಪಡಿಸಿ. ಈಗ ಮೆತ್ತನೆ ಬ್ರಷ್ಷಿನಿಂದ ಆಡಿಸಿ. ನಟ್ಟಿನ ಗುಳಿಗೆ ಬಣ್ಣ ಬಳಿಯುವ ಒಂದಿಂಚಿನ ಹಳೆಯ ಬ್ರಷ್ ಚೆನ್ನಾಗಿ ಹೊಂದುತ್ತದೆ, ಅದರ ತಗಡಿನ ಪಟ್ಟಿಗೆ ಇನ್ಸುಲೇಷನ್ ಟೇಪ್ ಸುತ್ತಿಕೊಂಡರೆ ಗೀರು ಬೀಳುವುದಿಲ್ಲ. ನಂತರ ಧಾರಾಳವಾಗಿ ನೀರು ಹಾಕಿ ಸಂದಿಯಲ್ಲಿ ದ್ರವ ನಿಲ್ಲದಂತೆ ತೊಳೆಯಿರಿ. ವರ್ಷಗಟ್ಟಲೆ ಬಿಟ್ಟ ವೀಲ್ ಆದರೆ ಇದೇ ಕೆಲಸ ಎರಡು ಸಲ ಬೇಕಾಗುತ್ತದೆ. ಒಂದೇ ಸಲಕ್ಕೆ ಹೆಚ್ಚು ಹೊತ್ತು ಬಿಡುವುದು ಇದಕ್ಕೆ ಪರ್ಯಾಯವಲ್ಲ. ಎರಡನೇ ಸಲಕ್ಕೂ ಉಳಿದ ಚುಕ್ಕೆಗಳಿಗೆ ಕ್ಲೇ ಬಾರ್ ಇದೆ, ಅಂಟಿದ ಕಣಗಳನ್ನು ಎತ್ತುವ ಜೇಡಿಮಣ್ಣಿನಂಥ ಮೆತ್ತನೆ ತುಂಡು. ಶಾಂಪೂ ನೀರು ಹಾಕಿಕೊಂಡು ಭಾರ ಬಿಡದೆ ಜಾರಿಸಬೇಕು. ಆ ತುಂಡನ್ನು ಮತ್ತೆ ಬಾಡಿಗೆ ಮುಟ್ಟಿಸಬಾರದು. ವೀಲ್‌ನ ಬಕೆಟ್, ಬ್ರಷ್, ಬಟ್ಟೆಗೂ ಇದೇ ಮಾತು, ಏಕೆಂದರೆ ಅವುಗಳಲ್ಲಿ ಕಬ್ಬಿಣದ ಪುಡಿ ಉಳಿದೇ ಇರುತ್ತದೆ. ಉಬ್ಬಿದ ಕಪ್ಪು ಗುಳ್ಳೆಯಂತಿದ್ದು ರಿಮೂವರ್‌ಗೆ ಬಣ್ಣ ಬದಲಾಯಿಸದಿದ್ದರೆ ಅದು ಡಾಂಬರು. ಟಾರ್ ರಿಮೂವರನ್ನು ಬಟ್ಟೆಗೆ ಹಾಕಿಕೊಂಡು ಒರೆಸಿ, ವೀಲ್‌ಗೆ ನೇರವಾಗಿ ಸಿಂಪಡಿಸಬೇಡಿ.

ಲ್ಯಾಕರ್ ಈಗಾಗಲೇ ಸುಲಿದ ವೀಲ್‌ಗೆ ಶಾಂಪೂ ಬಿಟ್ಟು ಬೇರೇನೂ ಹಚ್ಚಬೇಡಿ. ಅದಕ್ಕೆ ಬೇಕಿರುವುದು ಹಳೆಯ ಬಣ್ಣ ತೆಗೆಸಿ ಪೌಡರ್ ಕೋಟಿಂಗ್ ಮಾಡಿಸುವುದು.

ಜೆಟ್ ಪೈಪನ್ನು ಒಂದು ಅಡಿಗಿಂತ ಹತ್ತಿರ ತರಬೇಡಿ. ಟೈರಿನ ಪಕ್ಕೆ, ಗಾಳಿ ವಾಲ್ವ್, ಎಬಿಎಸ್ ಸೆನ್ಸರ್ ವೈರುಗಳಿಗೆ ನೇರ ಹೊಡೆತ ಬೀಳಬಾರದು. ರಿಮ್ಮಿನ ಒಳಗೆ ಅಂಟಿಸಿದ ಬ್ಯಾಲೆನ್ಸಿಂಗ್ ತೂಕ ಕಿತ್ತುಹೋದರೆ 80-100 ಕಿಲೋಮೀಟರ್ ವೇಗದಲ್ಲಿ ಸ್ಟೀರಿಂಗ್ ನಡುಗತೊಡಗುತ್ತದೆ. ತೊಳೆದ ಮೇಲೆ ನಡುಕ ಶುರುವಾದರೆ ಮೊದಲು ನೋಡಬೇಕಾದದ್ದು ಅದನ್ನೇ. ಸ್ಟೀಲ್ ನಾರು, ವೈರ್ ಬ್ರಷ್, ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಯಾವುದೂ ಬೇಡ. ನಿಂಬೆಹಣ್ಣಿನ ಜೊತೆ ಅಡುಗೆ ಸೋಡಾ ಬೆರೆಸಿ ಹಚ್ಚುವುದನ್ನು ಅನೇಕರು ಹೇಳಿಕೊಡುತ್ತಾರೆ. ನೊರೆ ಬರುತ್ತದೆ, ಆದರೆ ಎರಡೂ ಒಂದನ್ನೊಂದು ಕೊಂದುಕೊಂಡು ಉಳಿಯುವುದು ಲವಣ ಕರಗಿದ ನೀರು. ಚಾಸಿಗೆ ಡೀಸೆಲ್ ಅಥವಾ ಎಣ್ಣೆ ಹೊಡೆಯುವ ರೂಢಿಯಂತೂ ನೇರ ಅಪಾಯ. ಅದು ಹಾರಿ ಡಿಸ್ಕ್, ಪ್ಯಾಡ್ ಮೇಲೆ ಕೂತರೆ ಬ್ರೇಕ್ ಹಿಡಿಯುವುದಿಲ್ಲ. ಟೈರಿಗೆ ಹಚ್ಚುವ ಹೊಳಪೂ ಅಷ್ಟೇ, ಸ್ಪಂಜಿನಲ್ಲಿ ತೆಗೆದುಕೊಂಡು ಪಕ್ಕೆಗೆ ಮಾತ್ರ ಹಚ್ಚಿ.

ಬೋರ್‌ವೆಲ್ ನೀರು ಗಡಸಾಗಿರುವ ಕಡೆ ವೀಲ್ ತಾನಾಗಿ ಆರಿದರೆ ಸುಣ್ಣದ ಕಲೆ ಬೀಳುತ್ತದೆ. ತಕ್ಷಣ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ. ಪೂರ್ತಿ ಒಣಗಿದ ಮೇಲೆ ವೀಲ್ ಸೀಲಂಟ್ ಅಥವಾ ವ್ಯಾಕ್ಸ್ ತೆಳುವಾಗಿ ಹಚ್ಚಿ, ಮ್ಯಾಟ್ ಕಪ್ಪು ವೀಲ್‌ಗೆ ಮಾತ್ರ ವ್ಯಾಕ್ಸ್ ಬೇಡ. ಎರಡು ಮೂರು ತಿಂಗಳಿಗೊಮ್ಮೆ ಹೀಗೆ ಮಾಡುತ್ತ, ವಾರಕ್ಕೊಮ್ಮೆ ಬರೀ ಶಾಂಪೂ ನೀರಿನಲ್ಲಿ ತೊಳೆಯುತ್ತಿದ್ದರೆ ಪುಡಿಗೆ ಬೇರು ಬಿಡಲು ಸಮಯವೇ ಸಿಗುವುದಿಲ್ಲ, ರಿಮೂವರ್ ವರ್ಷಕ್ಕೆ ಮೂರು ನಾಲ್ಕು ಸಲಕ್ಕಿಂತ ಹೆಚ್ಚು ಬೇಕಾಗುವುದಿಲ್ಲ. ತೊಳೆದು ಮುಗಿಸಿ ಕಾರನ್ನು ಹಾಗೇ ಶೆಡ್ಡಿನಲ್ಲಿ ನಿಲ್ಲಿಸಬೇಡಿ. ಒದ್ದೆ ಡಿಸ್ಕಿಗೆ ಕೆಲವೇ ಗಂಟೆಗಳಲ್ಲಿ ಕೆಂಪು ತುಕ್ಕು ಬಂದು ಪ್ಯಾಡ್ ಅಂಟಿಕೊಳ್ಳಬಹುದು. ಒಂದೆರಡು ಕಿಲೋಮೀಟರ್ ಓಡಿಸಿ, ನಿಧಾನವಾಗಿ ಐದಾರು ಸಲ ಬ್ರೇಕ್ ಒತ್ತಿ ಒಣಗಿಸಿ ತನ್ನಿ. ವೀಲ್‌ನ ಒಳಮೈ ಪೂರ್ತಿ ತೊಳೆಯಲು ಟೈರ್ ರೊಟೇಷನ್ ಸಮಯವೇ ಸರಿ. ಮತ್ತೆ ಜೋಡಿಸುವಾಗ ನಟ್ಟುಗಳನ್ನು ಎದುರುಬದುರಾಗಿ ಬಿಗಿಯುತ್ತಾ ಹೋಗಿ, ಕೊನೆಗೆ ಟಾರ್ಕ್ ರೆಂಚಿನಲ್ಲಿ ಕಾರಿನ ಕೈಪಿಡಿ ಹೇಳಿದಷ್ಟು ಬಿಗಿ ಕೊಡಬೇಕು.

ಪುಡಿಯನ್ನು ತೊಳೆದುಬಿಡುವ ಮುಂಚೆ ಅದು ಬ್ರೇಕಿನ ಬಗ್ಗೆ ಏನು ಹೇಳುತ್ತದೆಂದು ಒಂದು ಸಲ ನೋಡಿ. ಮುಂದಿನ ವೀಲ್‌ಗಳು ಹಿಂದಿನವಕ್ಕಿಂತ ಕಪ್ಪಾಗಿರುವುದು ಸಹಜ, ಬ್ರೇಕಿನ ಹೆಚ್ಚಿನ ಭಾರ ಹೊರುವುದು ಮುಂದಿನವೇ. ನಮ್ಮ ಅನೇಕ ಕಾರುಗಳಲ್ಲಿ ಹಿಂದೆ ಡ್ರಮ್ ಬ್ರೇಕ್ ಇರುವುದರಿಂದ ಪುಡಿ ಬಹುಮಟ್ಟಿಗೆ ಅದರೊಳಗೇ ಉಳಿಯುತ್ತದೆ. ಆದರೆ ಎಡ ಮುಂದಿನದು ಕಪ್ಪಾಗಿ ಬಲ ಮುಂದಿನದು ಸ್ವಚ್ಛವಾಗಿದ್ದರೆ ಏನೋ ಕೆಟ್ಟಿದೆ. ಒಂದು ಕಡೆ ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ ಒಣಗಿ ಪ್ಯಾಡ್ ಸದಾ ಉಜ್ಜುತ್ತಿರಬಹುದು, ಇಲ್ಲವೇ ಸ್ವಚ್ಛವಾಗಿ ಕಾಣುವ ಕಡೆ ಪಿಸ್ಟನ್ ಕಚ್ಚಿಕೊಂಡು ಬ್ರೇಕೇ ಹಿಡಿಯದಿರಬಹುದು. ಪುಡಿ ಅಂಟಂಟಾಗಿ, ಎಣ್ಣೆ ಬೆರೆತಂತಿದ್ದರೆ ಹರಿದ ಆ್ಯಕ್ಸಲ್ ಬೂಟಿನಿಂದ ಗ್ರೀಸ್ ಅಥವಾ ಎಲ್ಲಿಂದಲೋ ಬ್ರೇಕ್ ಆಯಿಲ್ ಬರುತ್ತಿದೆ. ಇಂಥ ಕಾರನ್ನು ತೊಳೆಯುವ ಬದಲು ಮೆಕ್ಯಾನಿಕ್ ಹತ್ತಿರ ಒಯ್ಯಬೇಕು. ಪ್ಯಾಡ್ ಬದಲಿಸಿದ ಕೂಡಲೇ ಪುಡಿ ಹೆಚ್ಚಾದರೆ ಅದು ಲೋಹದ ಪಾಲು ಹೆಚ್ಚಿರುವ ಪ್ಯಾಡ್ ಇರಬಹುದು. ಸೆರಾಮಿಕ್ ಪ್ಯಾಡ್‌ಗಳ ಪುಡಿ ಕಡಿಮೆ, ಬಣ್ಣವೂ ತಿಳಿ. ಘಾಟಿ ಇಳಿಯುವಾಗ ಎರಡನೇ ಅಥವಾ ಮೂರನೇ ಗೇರಿನಲ್ಲಿ ಇಳಿದರೆ ಎಂಜಿನ್ನೇ ಹಿಡಿದುಕೊಳ್ಳುತ್ತದೆ, ಪುಡಿಯೂ ಕಡಿಮೆ, ಬ್ರೇಕೂ ಸುರಕ್ಷಿತ.

ಈ ತೊಳೆದ ನೀರು ಹೋಗುವುದು ಚರಂಡಿಗೆ, ಅಲ್ಲಿಂದ ಕೆರೆಗೆ. ಕೆಲವು ಪ್ಯಾಡ್‌ಗಳಲ್ಲಿರುವ ತಾಮ್ರ ಮೀನುಗಳಿಗೆ ವಿಷವೆಂದು ಅಮೆರಿಕದ ಕ್ಯಾಲಿಫೋರ್ನಿಯಾ 2010ರಲ್ಲೇ ಕಾನೂನು ಮಾಡಿ, 2025ರಿಂದ ಪ್ಯಾಡ್‌ನಲ್ಲಿ ಶೇ 0.5ಕ್ಕಿಂತ ಹೆಚ್ಚು ತಾಮ್ರ ಇರಬಾರದೆಂದು ಗೊತ್ತುಮಾಡಿತು. ಐರೋಪ್ಯ ಒಕ್ಕೂಟ 2024ರಲ್ಲಿ ಒಪ್ಪಿದ ಯೂರೋ 7 ನಿಯಮದಲ್ಲಿ ಹೊಗೆಯ ಜೊತೆಗೆ ಬ್ರೇಕ್ ಪುಡಿಗೂ ಮೊದಲ ಬಾರಿಗೆ ಮಿತಿ ಹಾಕಿದೆ. ನಮ್ಮಲ್ಲಿ ಬೆಂಗಳೂರು ಜಲಮಂಡಳಿ 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಆದೇಶಿಸಿತು. ನೀರಿನ ಲೆಕ್ಕ ಕೇಳುವುದು ಸರಿ. ಅದರ ಜೊತೆ ಏನು ಹರಿಯುತ್ತಿದೆ ಎಂಬುದನ್ನೂ ಕೇಳಬೇಕು. ಮೇಲೆ ಹೇಳಿದ ಕ್ರಮದಲ್ಲಿ ನಾಲ್ಕು ವೀಲ್‌ಗೆ ಮಗ್ಗಿನಲ್ಲಿ ಹಾಕಿಕೊಂಡರೆ 30 ಲೀಟರ್ ನೀರು ಸಾಕು, ಮಳೆನೀರಾದರೆ ಇನ್ನೂ ಒಳ್ಳೆಯದು.

ವಾಟರ್ ಸರ್ವೀಸ್ ಮಾಲೀಕರಲ್ಲಿ ನಮ್ಮ ಕೋರಿಕೆ ಇಷ್ಟು. ದರಪಟ್ಟಿಯ ಪಕ್ಕದಲ್ಲಿ ವೀಲ್‌ಗೆ ಏನು ಹಾಕುತ್ತೀರೆಂದು ಬರೆಯಿರಿ. ಐರನ್ ರಿಮೂವರ್ ಖರ್ಚು ಹೆಚ್ಚೆನಿಸಿದರೆ ಅದಕ್ಕೆ ಬೇರೆ ದರ ಇಡಿ, ಬೇಕಾದವರು ಕೊಡುತ್ತಾರೆ. ಹುಡುಗರಿಗೆ ರಬ್ಬರ್ ಕೈಗವಸು, ಗಂಬೂಟು ಕೊಡಿ. ಲೇಬಲ್ ಇಲ್ಲದ ಕ್ಯಾನನ್ನು ಅಂಗಡಿಯೊಳಗೆ ಬಿಟ್ಟುಕೊಳ್ಳಬೇಡಿ. ಕಾರಿನ ಮಾಲೀಕರು ಕೂಡ ಕಾರು ಒಳಗೆ ಬಿಡುವ ಮುಂಚೆ 'ವೀಲ್‌ಗೆ ಆಸಿಡ್ ಹಾಕಬೇಡಿ' ಎಂದು ಬಾಯಿಬಿಟ್ಟು ಹೇಳಿ, ಒಂದು ದಿನ ಮುಂಚೆಯೇ ಹೋಗಿ. ಪೂಜೆಯ ದಿನ ಬೆಳಿಗ್ಗೆ ಹತ್ತು ಕಾರುಗಳ ಹಿಂದೆ ನಿಂತು ಬೇಗ ಬೇಗ ಎಂದರೆ ಹುಡುಗರ ಕೈ ಹೋಗುವುದು ಆ ಕ್ಯಾನಿನ ಕಡೆಗೇ. ಪೂಜೆ ಮುಗಿದ ಸಂಜೆ ವೀಲ್ ಮೇಲಿನ ಅರಿಶಿನ, ಕುಂಕುಮ, ನಿಂಬೆರಸವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಬಿಡಿ.

ಇತಿ,
ಕಾರು ತೊಳೆಯುವ, ಪಾಲಿಶ್ ಮಾಡುವ ವೃತ್ತಿಯಲ್ಲಿರುವ ಇಬ್ಬರು ಓದುಗರು
ಹಾಸನ