ಲೈಬ್ರರಿಯಲ್ಲಿ ಸಿಕ್ಕ ಆ ಅಕ್ಕನಿಗೆ

ಹೋದ ಬೇಸಿಗೆ ರಜೆಯಲ್ಲಿ ನಮ್ಮ ಪಂಚಾಯಿತಿ ಲೈಬ್ರರಿಯಲ್ಲಿ ಮಗಳ ಪಕ್ಕ ಕೂತ ಅಕ್ಕ, ನಿಮ್ಮ ಹೆಸರು ಕೇಳಲೇ ಇಲ್ಲ. ಮೂರನೇ ಕ್ಲಾಸಾದರೂ ಅವಳು ಒತ್ತಕ್ಷರ ಬಂದ ಕಡೆ ನಿಂತುಬಿಡುತ್ತಿದ್ದಳು. ನಾನು ಗದರುತ್ತಿದ್ದೆ. ನೀವು ಮೊದಲು 'ಅಜ್ಜಿ', 'ಬೆಲ್ಲ', 'ಹಣ್ಣು' ಬರೆದು ಬೆರಳಿಟ್ಟು ಓದಿಸಿದಿರಿ. ಒಂದೇ ಅಕ್ಷರಕ್ಕೆ ಅದರದೇ ಒತ್ತು, ಸುಲಭ ಅಲ್ವಾ? ಆಮೇಲೆ 'ಪುಸ್ತಕ', 'ಚಂದ್ರ'. ಕಥೆಯಲ್ಲಿ ಒಂದು ಪುಟ ನೀವು, ಒಂದು ಪುಟ ಅವಳು. ತಡವರಿಸಿದಾಗ ಸುಮ್ನೆ ಕಾಯುತ್ತಿದ್ದಿರಿ. ಹಾಗೆ ಕಾಯಬೇಕೆಂದು ನನಗೆ ಗೊತ್ತೇ ಇರಲಿಲ್ಲ.

2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ ಎಂದು ತಿಳಿಸಿದ್ದೂ ನೀವೇ.

ಈಗ ಅವಳು ಬಸ್ಸಿನ ಬೋರ್ಡನ್ನೂ ಬಿಡುವುದಿಲ್ಲ. ನಿನ್ನೆ ರಾತ್ರಿ ತಮ್ಮನಿಗೆ ಕಥೆ ಓದಿ ಹೇಳಿದಳು. ಅವನೂ ಓದಲು ಹೋಗಿ ತೊದಲಿದಾಗ ಸುಮ್ನೆ ಕಾದಳು. ತುಂಬಾ ಥ್ಯಾಂಕ್ಸ್ ಅಕ್ಕ.