ಕೋವಿಶೀಲ್ಡಾ, ಕೋವ್ಯಾಕ್ಸಿನ್ನಾ: ಹಾಸನದ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ಮೊನ್ನೆ ರಾತ್ರಿ ನೀನು ಫೋನ್ ಮಾಡಿದಾಗ ನಮ್ಮ ಟೊಮೇಟೊ ಮಂಡಿಯಿಂದ ಲೋಡು ಹೊರಡುವ ಹೊತ್ತು. ಡ್ರೈವರ್ ಬಿಲ್ಲಿಗೆ ಕಾಯುತ್ತಾ ಹಾರ್ನ್ ಹೊಡೆಯುತ್ತಿದ್ದ. ಹಾಗಾಗಿ ನಿನಗೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಈಗ ಬರೆಯುತ್ತಿದ್ದೇನೆ. ಎಲ್ಲರಿಗೂ ಕಾಣುವ ಹಾಗೆ ಬರೆದಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. 2025ರ ಈ ಜುಲೈ ತಿಂಗಳಲ್ಲಿ ಇದೇ ಪ್ರಶ್ನೆ ಕೇಳಿದವರು ಇಲ್ಲೂ ಬಹಳ ಜನ ಇದ್ದಾರೆ.

"ನೀನು ಬಿಡಪ್ಪ, ಕೋವ್ಯಾಕ್ಸಿನ್ ಹಾಕಿಸಿಕೊಂಡು ಬಚಾವಾದೆ. ನಂದು ಎರಡೂ ಕೋವಿಶೀಲ್ಡು" ಅಂದೆಯಲ್ಲ, ನನಗೆ ಮೊದಲು ನಗು ಬಂತು, ಆಮೇಲೆ ಸಂಕಟವಾಯಿತು. ಸಂಕಟ ಯಾಕೆ ಅಂತ ನಿನಗೂ ಗೊತ್ತು. ಹಾಸನದಲ್ಲಿ ಇರುವವನು ನೀನು. ಟಿವಿ ಹಾಕಿದರೆ ನಿಮ್ಮ ಊರಿನ ಹೃದಯಾಘಾತದ್ದೇ ಸುದ್ದಿ. ಅಲ್ಲೊಬ್ಬ ಕುಸಿದು ಬಿದ್ದ, ಇಲ್ಲೊಬ್ಬ ಮಲಗಿದವನು ಏಳಲಿಲ್ಲ. ವಯಸ್ಸು ನೋಡಿದರೆ ಕೆಲವರು ನಮಗಿಂತ ಚಿಕ್ಕವರು. ಅದರ ಮೇಲೆ ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಲಸಿಕೆಯ ಕಡೆ ಬೊಟ್ಟು ಮಾಡಿದ ಹಾಗೆ ಮಾತಾಡಿದರು. ಭಯ ಆಗದೆ ಇರುತ್ತದಾ? ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲು ನಿಂತಿದ್ದನ್ನು ನಾವೂ ನೋಡಿದೆವು.

ನಗು ಬಂದಿದ್ದು ಬೇರೆ ಕಾರಣಕ್ಕೆ. 2021ರ ಜನವರಿಯಲ್ಲಿ ಕೋವ್ಯಾಕ್ಸಿನ್ ಅಂದರೆ ಮೂಗು ಮುರಿಯುತ್ತಿದ್ದವನು ನೀನೇ. "ಮೂರನೇ ಹಂತದ ಪರೀಕ್ಷೆಯೇ ಮುಗಿದಿಲ್ಲ, ನಮ್ಮ ಮೇಲೇ ಪರೀಕ್ಷೆ ಮಾಡ್ತಾರೆ" ಅಂತಿದ್ದೆ. ಆ ಮಾತಿನಲ್ಲಿ ಹುರುಳಿತ್ತು, ಇಲ್ಲ ಅನ್ನಲ್ಲ. ಎರಡಕ್ಕೂ ಜನವರಿ 3ರಂದೇ ಒಪ್ಪಿಗೆ ಸಿಕ್ಕಿತ್ತು. ಆದರೆ ಹೈದರಾಬಾದಿನ ಕೋವ್ಯಾಕ್ಸಿನ್ನನ್ನು ಮೊದಲು ಪ್ರಯೋಗದ ರೀತಿಯಲ್ಲೇ ಕೊಡಬೇಕು ಅನ್ನುವ ಷರತ್ತಿತ್ತು. ಶೇ 77.8 ಪರಿಣಾಮಕಾರಿ ಅನ್ನುವ ಕೊನೆಯ ಲೆಕ್ಕ ಹೊರಗೆ ಬಂದಿದ್ದು ಜುಲೈನಲ್ಲಿ. ಅಷ್ಟರವರೆಗೆ ಎಲ್ಲರ ಬಾಯಲ್ಲೂ ಕೋವಿಶೀಲ್ಡನ್ನು ಕಂಡುಹಿಡಿದ ಆಕ್ಸ್‌ಫರ್ಡ್ ಹೆಸರು. ಪುಣೆಯಲ್ಲಿ ತಯಾರಾದರೂ ಕೋವಿಶೀಲ್ಡು ಫಾರಿನ್ ಸರಕು ಅನ್ನುವ ಭಾವನೆ. ಈಗ ನೋಡು, ಬೈಸಿಕೊಳ್ಳುವ ಸರದಿ ಅದರದು.

ನಾನು ಯೋಚನೆ ಮಾಡಿ ಕೋವ್ಯಾಕ್ಸಿನ್ ಆರಿಸಿಕೊಂಡೆ ಅಂತ ನೀನು ಅಂದುಕೊಂಡಿದ್ದೀಯ. ಆರಿಸುವ ಮಾತೆಲ್ಲಿಂದ ಬಂತು? ನಮಗಿಬ್ಬರಿಗೂ ಆಗ 45 ಆಗಿರಲಿಲ್ಲ. 18 ದಾಟಿದವರಿಗೆಲ್ಲ ಅಂತ ಮೇ ತಿಂಗಳಲ್ಲಿ ಬಾಗಿಲು ತೆಗೆದರು, ಸ್ಟಾಕ್ ಇಲ್ಲ ಅಂತ ವಾರ ತುಂಬುವುದರೊಳಗೆ ಮುಚ್ಚಿದರು. ಲಸಿಕೆ ಬುಕ್ ಮಾಡುವ ಕೋವಿನ್‌ನಲ್ಲಿ ಕೋಲಾರದ 563101 ಪಿನ್ ಹಾಕಿ ಕಾಯುವುದು. ಒಟಿಪಿ ಬರುವಷ್ಟರಲ್ಲಿ ಇದ್ದ ಸ್ಲಾಟೆಲ್ಲ ಖಾಲಿ. ಬೆಳಗ್ಗೆ ನೋಡಿದರೆ ನಮ್ಮ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಮುಂದೆ ಕೆಎ 03, ಕೆಎ 53 ನಂಬರಿನ ಕಾರುಗಳು. ಬೆಂಗಳೂರಿನಲ್ಲಿ ಸಿಗದವರು ಇಲ್ಲಿ ಬುಕ್ ಮಾಡಿಕೊಂಡು ಬರುತ್ತಿದ್ದರು. ಊರಿನವರು ಜಗಲಿ ಮೇಲೆ ಕೂತು ನೋಡುತ್ತಿದ್ದರು. ಕೋಪ ಬರುತ್ತಿತ್ತು. ಆದರೆ ಅವರ ಮುಖದಲ್ಲೂ ನಮ್ಮದೇ ಭಯ ಕಾಣುತ್ತಿತ್ತು. ಮೇ ಮೊದಲ ವಾರ ಚಾಮರಾಜನಗರದಲ್ಲಿ ಆಕ್ಸಿಜನ್ ಇಲ್ಲದೆ ರೋಗಿಗಳು ಸತ್ತ ಸುದ್ದಿ ಕೇಳಿದ ಮೇಲೆ ಯಾರನ್ನು ಯಾರು ಬೈಯುವುದು?

ಜೂನ್ 21ರಿಂದ ಎಲ್ಲರಿಗೂ ಉಚಿತ, ನೇರವಾಗಿ ಬನ್ನಿ ಅಂದರು. ಆಮೇಲೆ ನಾನು ಹೋದ ದಿನ ಅಲ್ಲಿ ಇದ್ದದ್ದು ಕೋವ್ಯಾಕ್ಸಿನ್. ನನ್ನ ಹೆಂಡತಿ ಇನ್ನೊಂದು ವಾರ ಬಿಟ್ಟು ಹೋದಳು, ಅವಳಿಗೆ ಸಿಕ್ಕಿದ್ದು ಕೋವಿಶೀಲ್ಡು. ಅಮ್ಮನಿಗೆ ಮಾರ್ಚ್‌ನಲ್ಲೇ ಆಗಿತ್ತು, ಅದೂ ಕೋವಿಶೀಲ್ಡು. ಒಂದೇ ಮನೆಯಲ್ಲಿ ಎರಡು ಕಂಪನಿ. ಇಷ್ಟೇ ನನ್ನ ಬುದ್ಧಿವಂತಿಕೆಯ ಕತೆ.

ಅದು ಸಿಗುವವರೆಗೆ ನಮ್ಮ ಪಾಲಿಗೆ ಇದ್ದದ್ದು ಮಾಸ್ಕು. ನೀನು ಮೇಷ್ಟ್ರು, ಮನೆಯಲ್ಲಿ ಕೂತು ಮೊಬೈಲಿನಲ್ಲಿ ಪಾಠ ಮಾಡಿದೆ. ಟೊಮೇಟೊ ಹರಾಜು ಆನ್‌ಲೈನಿನಲ್ಲಿ ಹೇಗೆ ಮಾಡುವುದು ಹೇಳು? ನಮ್ಮ ಎಪಿಎಂಸಿ ಯಾರ್ಡು ನೀನು ನೋಡಿದ್ದೀಯ. ಹದಿನೈದು ಕೆಜಿ ಬಾಕ್ಸುಗಳ ಸಾಲು, ಸಾಲಿನ ಪಕ್ಕ ಹರಾಜು ಕೂಗುವವರು, ಅವರ ಹೆಗಲಿಗೆ ಹೆಗಲು ತಾಗಿಸಿಕೊಂಡು ವ್ಯಾಪಾರಿಗಳು, ಹಿಂದೆ ಚೀಟಿ ಬರೆಯುವ ನಾನು. ನಮ್ಮ ಸಾಹುಕಾರರು ಯಾರ್ಡಿಗೆ ಬರುವಾಗ ಮಾಸ್ಕನ್ನು ಮೂಗಿನ ಮೇಲೆ ಎಳೆದುಕೊಂಡೇ ಬರುತ್ತಿದ್ದರು, ಪಾಪ. ಹರಾಜು ಶುರುವಾದರೆ ಅದು ಗಲ್ಲಕ್ಕೆ ಇಳಿಯುತ್ತಿತ್ತು. ನೂರು, ನೂರ ಹತ್ತು, ನೂರ ಇಪ್ಪತ್ತು ಅಂತ ಗಂಟಲು ಹರಿಯುವ ಹಾಗೆ ಕೂಗಿ, ಸಾಲು ಮುಗಿದ ಮೇಲೆ ಮತ್ತೆ ಮೇಲಕ್ಕೆ. ಸುಮ್ನೆ ನಿಂತಾಗ ಮಾಸ್ಕು, ಎಂಜಲು ಹಾರುವ ಹೊತ್ತಿಗೆ ಬರೀ ಬಾಯಿ. ಅವರನ್ನು ಅಂದು ಏನು ಪ್ರಯೋಜನ? ಮಾಸ್ಕಿನ ಒಳಗಿಂದ 'ನೂರ ಹತ್ತು' ಅಂದರೆ ಎದುರಿನವನಿಗೆ 'ನೂರು' ಅಂತ ಕೇಳಿಸುತ್ತದೆ. ಬಾಕ್ಸಿಗೆ ಹತ್ತು ರೂಪಾಯಿ ಅಂದರೆ ರೈತನಿಗೆ ಕಡಿಮೆಯಾ? ಅದೂ ಕೇಳುವವರಿಲ್ಲದೆ ಹಣ್ಣನ್ನು ರಸ್ತೆ ಪಕ್ಕ ಸುರಿದು ಹೋಗುತ್ತಿದ್ದ ಮೇ ತಿಂಗಳು.

ವ್ಯಾಪಾರಿಗಳಿಗೆ ಇನ್ನೊಂದು ತಾಪತ್ರಯ. ಇಲ್ಲಿ ಅರ್ಧ ವ್ಯಾಪಾರ ನಡೆಯುವುದು ಮುಖದಲ್ಲಿ. ತುಟಿ ಒಂದು ಚೂರು ಅಲುಗಿದರೆ ಒಪ್ಪಿಗೆ, ಮೂತಿ ತಿರುಗಿದರೆ ಇಲ್ಲ. ಮಾಸ್ಕು ಬಂದ ಮೇಲೆ ಬರೀ ಹುಬ್ಬು ನೋಡಿ ಚೀಟಿ ಬರೆಯಬೇಕಾಯಿತು. ಬಾಕಿ ಉಳಿಸಿಕೊಂಡವರಿಗೆ ಮಾತ್ರ ಹಬ್ಬ. ಮಂಡಿಯ ಮುಂದೆಯೇ ಹಾದು ಹೋದರೂ ಗುರುತು ಸಿಗುತ್ತಿರಲಿಲ್ಲ.

ದಂಡದ ವಿಷಯ ನೆನಪಿದೆಯಾ? ಬೆಂಗಳೂರಿನಂಥ ಮಹಾನಗರಪಾಲಿಕೆ ಊರುಗಳಲ್ಲಿ 250 ರೂಪಾಯಿ, ಉಳಿದ ಕಡೆ 100. ಕೋಲಾರ ಇನ್ನೂ ನಗರಸಭೆ ಆಗಿದ್ದಕ್ಕೆ ನಮಗೆ ಸಿಕ್ಕ ಒಂದೇ ಒಂದು ರಿಯಾಯಿತಿ ಅದು. ಟೆಂಪೋದಲ್ಲಿ ಮೂರು ಜನ, ಮಾಸ್ಕು ಒಂದು. ಪೊಲೀಸರು ಯಾವ ಕಡೆಯಿಂದ ಬಂದರೆ ಆ ಕಡೆಯವನ ಮುಖಕ್ಕೆ.

ಆದರೆ ಹಮಾಲರನ್ನು ನೋಡಿದ ಮೇಲೆ ಮಾಸ್ಕ್ ಹಾಕದವರನ್ನೆಲ್ಲ ಬೈಯುವುದನ್ನು ನಾನು ಬಿಟ್ಟೆ. ತಲೆ ಮೇಲೆ ಬಾಕ್ಸುಗಳನ್ನು ಹೊತ್ತು ಲಾರಿ ಹತ್ತುವ ಜನ. ಹತ್ತು ನಿಮಿಷಕ್ಕೆ ಬೆವರಿಗೆ ಮಾಸ್ಕು ತೊಪ್ಪೆಯಾಗಿ ಮೂಗಿಗೆ ಅಂಟಿಕೊಳ್ಳುತ್ತದೆ, ಉಸಿರು ಎಳೆದರೆ ಬಟ್ಟೆಯೇ ಬಾಯಿಗೆ ಬರುತ್ತದೆ. ಮೂರು ಪದರದ ಮಾಸ್ಕಿನಲ್ಲಿ ವೈರಸ್ ತಡೆಯುವ ಕೆಲಸ ಮುಖ್ಯವಾಗಿ ನಡುವಿನ ಪದರದ್ದು. ಅದು ಒದ್ದೆಯಾದರೆ, ಒಗೆದರೆ ಮುಗಿಯಿತು. ದಿನಕ್ಕೆ ಎಷ್ಟು ಅಂತ ಬದಲಾಯಿಸುತ್ತಾರೆ? 2020ರ ಮಾರ್ಚಿನಲ್ಲಿ ಸರ್ಕಾರ ಒಂದಕ್ಕೆ ಹತ್ತು ರೂಪಾಯಿ ಮೀರಬಾರದು ಅಂತ ಕಟ್ಟು ಹಾಕಿತ್ತು. ಆ ಬೆಲೆಗೆ ಸಿಕ್ಕರೂ ಅವರಿಗೆ ಅದು ಟೀ ಕಾಸು. ಕೊನೆಗೆ ನಮ್ಮ ಅತ್ತಿಗೆ ಮಿಕ್ಕಿದ ರವಿಕೆ ಬಟ್ಟೆಯಲ್ಲಿ ಎರಡು ಮಡಿಕೆ ಹಾಕಿ ಹೊಲಿದು ಕೊಟ್ಟರು. ಹೂವಿನ ಚಿತ್ರದ ಮಾಸ್ಕ್ ಹಾಕಿಕೊಂಡು ಮೀಸೆ ಹಮಾಲರು ಓಡಾಡಿದ್ದನ್ನು ನೀನು ನೋಡಬೇಕಿತ್ತು.

ಲಸಿಕೆಯನ್ನು ನಿಜವಾಗಿ ಲೆಕ್ಕ ಹಾಕಿ ಆರಿಸಲು ನೋಡಿದವರೂ ಇವರೇ. ನೀನು ಕೇಳಿದ ಯಾವ ಪ್ರಶ್ನೆಯನ್ನೂ ಅವರು ಕೇಳಲಿಲ್ಲ. ಯಾರ್ಡಿನಲ್ಲೇ ಕ್ಯಾಂಪ್ ಹಾಕಿದ ದಿನ ಅವರು ಕೇಳಿದ್ದು ಒಂದೇ: "ಜ್ವರ ಬರದೇ ಇರೋ ಸೂಜಿ ಯಾವುದು ಸಿಸ್ಟರ್?" ಕೋವಿಶೀಲ್ಡಿನ ಮೊದಲ ಡೋಸಿಗೆ ಜ್ವರ, ಮೈಕೈ ನೋವು ಜಾಸ್ತಿ ಅನ್ನುವುದು ಆಗಲೇ ಊರಿಗೆಲ್ಲ ಗೊತ್ತಿತ್ತು. ಮೆಡಿಕಲ್ ಶಾಪಿನಲ್ಲಿ ಡೋಲೋ ಮಾತ್ರೆಗೆ ಎಲ್ಲಿಲ್ಲದ ಬೇಡಿಕೆ. ಓದಿದವರು "ಜ್ವರ ಬಂದರೆ ಕೆಲಸ ಮಾಡ್ತಿದೆ ಅಂತ ಅರ್ಥ" ಅಂತ ಖುಷಿಪಡುತ್ತಿದ್ದರು. ನನಗೆ ಕೋವ್ಯಾಕ್ಸಿನ್‌ನಿಂದ ಬರೀ ತೋಳು ನೋವು ಅಂದಾಗ "ನೀರು ಕೊಟ್ಟು ಕಳಿಸಿರಬೇಕು" ಅಂತ ನೀನೇ ಕಿಚಾಯಿಸಿದ್ದೆ. ಹಮಾಲಿಗೆ ಜ್ವರ ಅಂದರೆ ಎರಡು ದಿನದ ಕೂಲಿ ಹೋಯಿತು. ಜೂನ್, ಜುಲೈ ಅಂದರೆ ಮಾಲು ತುಂಬಿ ಬರುವ ಕಾಲ. ಅವತ್ತು ಕ್ಯಾಂಪಿಗೆ ಬಂದಿದ್ದು ಕೋವಿಶೀಲ್ಡು ಮಾತ್ರ. ಕೊನೆಗೆ ಮೇಸ್ತ್ರಿಯೇ ಒಂದು ದಾರಿ ಮಾಡಿದ. ಅರ್ಧ ಗ್ಯಾಂಗು ಈ ವಾರ, ಉಳಿದರ್ಧ ಮುಂದಿನ ವಾರ. ಕೆಲಸ ಮಾಡಿದವರು ತಮ್ಮ ಕೂಲಿಯಲ್ಲಿ ಜ್ವರ ಬಂದವರಿಗೂ ಪಾಲು ಕೊಡುವುದು. ಯಾವ ದೊಡ್ಡ ಆಫೀಸಿನಲ್ಲೂ ಇಷ್ಟು ನೇರವಾದ ಏರ್ಪಾಡು ಮಾಡಿದ್ದನ್ನು ನಾನು ಕೇಳಿಲ್ಲ.

ಆ ಕ್ಯಾಂಪಿನ ನರ್ಸಮ್ಮ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದ್ದಾರೆ. ಐಸ್ ಪ್ಯಾಕ್ ಇಟ್ಟ ಡಬ್ಬಿ ಪಕ್ಕದಲ್ಲಿ, ಕೈಯಲ್ಲಿ ಹೆಬ್ಬೆರಳು ಗಾತ್ರದ ಗಾಜಿನ ಬಾಟಲಿ. ಅದರಲ್ಲಿ ಹತ್ತು ಜನಕ್ಕಾಗುವಷ್ಟು, ಒಬ್ಬರಿಗೆ ಅರ್ಧ ಎಂಎಲ್. ಒಮ್ಮೆ ಸೂಜಿ ಚುಚ್ಚಿದರೆ ಕೆಲವೇ ಗಂಟೆಯಲ್ಲಿ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಹತ್ತು ತಲೆ ಆಗುವವರೆಗೆ ಅವರು ಬಾಟಲಿ ಒಡೆಯುತ್ತಿರಲಿಲ್ಲ. ಸಂಜೆ ಎಂಟೇ ಜನ ಇದ್ದರು. ಆಶಾ ಕಾರ್ಯಕರ್ತೆ ಎದ್ದು ಹೋಗಿ ಟೀ ಅಂಗಡಿಯವನನ್ನೂ ಕ್ಯಾಬಿನ್ನಿನಲ್ಲಿ ಮಲಗಿದ್ದ ಒಬ್ಬ ಲಾರಿ ಕ್ಲೀನರನ್ನೂ ಕೈ ಹಿಡಿದು ಕರೆತಂದರು. ಕ್ಲೀನರ್ ಹುಡುಗ ತಮಿಳುನಾಡಿನವನು. ಯಾವ ಲಸಿಕೆ, ಏನು, ಎತ್ತ ಒಂದೂ ಕೇಳಲಿಲ್ಲ. ಸೂಜಿ ನೋಡಿ ಮುಖ ಮಾತ್ರ ಆ ಕಡೆ ತಿರುಗಿಸಿಕೊಂಡ.

ಅಮ್ಮನೂ ಹೆಸರು ಕೇಳಲಿಲ್ಲ. ನಮ್ಮ ಓಣಿಯ ಆಶಾ ಬಂದು "ಏಮೀ ಕಾದವ್ವಾ" ಅಂತ ತೆಲುಗಿನಲ್ಲಿ ಧೈರ್ಯ ಹೇಳಲು ಹೊರಟರೆ, ಅಮ್ಮ ಸೀರೆ ಸೆರಗು ಸರಿಸಿ ತೋಳಿನ ಮೇಲಿದ್ದ ಸಿಡುಬಿನ ಲಸಿಕೆಯ ಎರಡು ಗುಂಡು ಕಲೆ ತೋರಿಸಿದರು. ಅದನ್ನು ಹಾಕುವಾಗ ಮೂರು ಜನ ಹಿಡಿದುಕೊಂಡಿದ್ದರಂತೆ. ಈಗಿನದು ಏನು ಮಹಾ ಅನ್ನುವ ಧಾಟಿ. ಅವರಿಗೆ ಸಿಟ್ಟು ಬಂದಿದ್ದು ಎರಡನೇ ಡೋಸಿನ ಗಡುವಿಗೆ. ಮೊದಲು ನಾಲ್ಕರಿಂದ ಆರು ವಾರ ಅಂದರು, ಆಮೇಲೆ ಆರರಿಂದ ಎಂಟು, ಮೇ 13ಕ್ಕೆ ಹನ್ನೆರಡರಿಂದ ಹದಿನಾರು. ಅಂತರ ಜಾಸ್ತಿ ಇದ್ದರೆ ರಕ್ಷಣೆ ಚೆನ್ನಾಗಿ ಬರುತ್ತದೆ ಅಂತ ಬ್ರಿಟನ್ನಿನ ಅನುಭವ ಇತ್ತು, ಅದು ನಿಜ. ಆದರೆ ಸ್ಟಾಕ್ ಇಲ್ಲದ ಹೊತ್ತಿನಲ್ಲೇ ಆ ಮಾತು ಬಂದರೆ ಜನ ನಂಬುತ್ತಾರಾ?

ದುಡ್ಡಿದ್ದವರ ಲೆಕ್ಕ ಇನ್ನೊಂದು. ಖಾಸಗಿ ಆಸ್ಪತ್ರೆಯಲ್ಲಿ ಕೋವಿಶೀಲ್ಡಿಗೆ 780, ರಷ್ಯಾದ ಸ್ಪುಟ್ನಿಕ್‌ಗೆ 1,145, ಕೋವ್ಯಾಕ್ಸಿನ್‌ಗೆ 1,410 ಅಂತ ಮಿತಿ ಹಾಕಿದ್ದರು. ದುಬಾರಿ ಇದ್ದದ್ದೇ ಒಳ್ಳೆಯದು ಅಂತ ಬೆಂಗಳೂರಿಗೆ ಹೋಗಿ ಕೋವ್ಯಾಕ್ಸಿನ್ ಹಾಕಿಸಿಕೊಂಡು ಬಂದವರನ್ನು ನಾನು ಬಲ್ಲೆ. ಅದನ್ನೇ ಹಾಕಿಸಿಕೊಂಡ ಅವರ ಮಗನಿಗೆ ವಿದೇಶಕ್ಕೆ ಹೋಗುವುದಿತ್ತು. ವಿಶ್ವ ಆರೋಗ್ಯ ಸಂಸ್ಥೆ ಕೋವ್ಯಾಕ್ಸಿನ್ನನ್ನು ತಾನು ಒಪ್ಪಿದ ಲಸಿಕೆಗಳ ಪಟ್ಟಿಗೆ ಸೇರಿಸಿದ್ದು ನವೆಂಬರ್ 3ಕ್ಕೆ. ಅಷ್ಟು ದಿನ ಹುಡುಗ ಸೂಟ್‌ಕೇಸ್ ಕಟ್ಟಿಕೊಂಡು ಮನೆಯಲ್ಲೇ ಕೂತಿದ್ದ.

ಈಗ ನಿನ್ನ ಭಯದ ವಿಷಯಕ್ಕೆ ಬರುತ್ತೇನೆ. ಕೋವಿಶೀಲ್ಡಿನಿಂದ ರಕ್ತ ಹೆಪ್ಪುಗಟ್ಟುತ್ತದೆ ಅಂತ ಆಕ್ಸ್‌ಫರ್ಡ್ ಜೊತೆ ಅದನ್ನು ರೂಪಿಸಿದ ಆಸ್ಟ್ರಾಜೆನೆಕಾ ಕಂಪನಿಯೇ ಲಂಡನ್ನಿನ ಕೋರ್ಟಿನಲ್ಲಿ ಒಪ್ಪಿಕೊಂಡಿದೆ ಅಂತ ಒಂದು ವಿಡಿಯೋ ಕಳಿಸಿದ್ದೆಯಲ್ಲ, ಅದು 2024ರ ಸುದ್ದಿ. ಒಪ್ಪಿದ್ದು ನಿಜ, ತೀರಾ ಅಪರೂಪ ಅನ್ನುವ ಮಾತಿನ ಜೊತೆ. ಆ ತೊಂದರೆಯಲ್ಲಿ ರಕ್ತ ಹೆಪ್ಪುಗಟ್ಟುವುದರ ಜೊತೆಗೆ ಪ್ಲೇಟ್‌ಲೆಟ್ಟೂ ಇಳಿಯುತ್ತದೆ. ಬಂದರೆ ಸೂಜಿ ಹಾಕಿಸಿಕೊಂಡ ಕೆಲವು ದಿನಗಳಿಂದ ಹಿಡಿದು ಸುಮಾರು ಆರು ವಾರದೊಳಗೆ ಕಾಣಿಸಿಕೊಳ್ಳುತ್ತದೆ. ನೀನು ಹಾಕಿಸಿಕೊಂಡು ನಾಲ್ಕು ವರ್ಷವಾಯಿತು. ಆ ಗಡುವು ಯಾವತ್ತೋ ದಾಟಿದೆ ಕಣೋ.

ಹಠಾತ್ ಸಾವಿನ ಬಗ್ಗೆ ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, 47 ಆಸ್ಪತ್ರೆಗಳಲ್ಲಿ 18ರಿಂದ 45 ವಯಸ್ಸಿನವರನ್ನೇ ಹಿಡಿದು ಅಧ್ಯಯನ ಮಾಡಿತ್ತು. 2023ರಲ್ಲಿ ಪ್ರಕಟವಾಯಿತು. ಲಸಿಕೆಯಿಂದ ಅಪಾಯ ಹೆಚ್ಚಿಲ್ಲ, ಎರಡು ಡೋಸ್ ಆದವರಲ್ಲಿ ಕಡಿಮೆಯೇ ಅಂತ ಕಂಡಿತು. ಹೆಚ್ಚು ಮಾಡಿದ್ದು ಯಾವುದು ಗೊತ್ತಾ? ಹಿಂದೆ ಕೋವಿಡ್ ಆಗಿ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವು ಆಗಿದ್ದು, ಹಿಂದಿನ ಒಂದೆರಡು ದಿನದಲ್ಲಿ ಮಿತಿಮೀರಿ ಕುಡಿದಿದ್ದು, ಇದ್ದಕ್ಕಿದ್ದಂತೆ ಮೈ ದಂಡಿಸಿದ್ದು. ಈಗ ಜಯದೇವದ ಡಾ. ಕೆ. ಎಸ್. ರವೀಂದ್ರನಾಥ್ ಅವರ ಸಮಿತಿಯೂ ಲಸಿಕೆಗೂ ಇದಕ್ಕೂ ಸಂಬಂಧ ಕಾಣಲಿಲ್ಲ ಅಂತಲೇ ವರದಿ ಕೊಟ್ಟಿದೆ. ಬಿಪಿ, ಶುಗರ್, ಸಿಗರೇಟು ಅನ್ನುವ ಹಳೇ ಹೆಸರುಗಳೇ ಮತ್ತೆ ಬಂದಿವೆ.

ಹಳೇ ಹೆಸರು ಅಂದರೆ ನಿನಗೆ ಬೇಜಾರು. ಹೊಸ ಶತ್ರು ಇದ್ದರೆ ಬೈಯುವುದು ಸುಲಭ, ಅಲ್ವಾ? ನಿಮ್ಮ ಅಪ್ಪ ಹೋಗಿದ್ದು ಎದೆನೋವಿನಿಂದಲೇ, ಐವತ್ತೆರಡಕ್ಕೆ. ಆಗ ಕೋವಿಡ್ಡೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ಆ ವಿಷಯವನ್ನು ನೀನು ಇವತ್ತಿನವರೆಗೂ ಯಾವ ಡಾಕ್ಟರಿಗೂ ಹೇಳಿಲ್ಲ ಅಂತ ನನಗೆ ಗೊತ್ತು.

ಜಯದೇವದ ಸಾಲಿನಲ್ಲಿ ಹೋಗಿ ನಿಲ್ಲಬೇಡ. ನಿಮ್ಮ ಬೀದಿಯಲ್ಲೇ ಇರುವ ಡಾಕ್ಟರ ಹತ್ತಿರ ಹೋಗಿ ಬಿಪಿ ನೋಡಿಸು, ಖಾಲಿ ಹೊಟ್ಟೆಯಲ್ಲಿ ಶುಗರ್, ಕೊಲೆಸ್ಟ್ರಾಲ್ ಮಾಡಿಸು, ಅಪ್ಪನ ವಿಷಯ ಹೇಳು. ಇಸಿಜಿ ಬೇಕಾ ಅಂತ ಅವರು ಹೇಳುತ್ತಾರೆ. ವ್ಯಾಕ್ಸಿನ್ ಸರ್ಟಿಫಿಕೇಟ್ ತೆಗೆದುಕೊಂಡು ಹೋಗುವುದು ಬೇಡ. ಸಿಗರೇಟಿನ ಲೆಕ್ಕ ಮಾತ್ರ ಸರಿಯಾಗಿ ಕೊಡು, ನನಗೆ ಹೇಳುವ ಲೆಕ್ಕ ಅಲ್ಲ. ರಿಪೋರ್ಟು ಬಂದ ತಕ್ಷಣ ನನಗೆ ಕಳಿಸು. ನಿಮ್ಮ ಮನೆಯವರಿಗೂ ಫೋನ್ ಮಾಡಿ ಇಷ್ಟನ್ನೂ ಹೇಳಿದ್ದೇನೆ, ಸೋಮವಾರ ಬೆಳಗ್ಗೆ ಅವರೇ ಕರೆದುಕೊಂಡು ಹೋಗುತ್ತಾರಂತೆ.

ಇಂತಿ ನಿನ್ನ,
ಕೋಲಾರದ ಗೆಳೆಯ