ನಾಲ್ಕನೆಯವಳಾಗಿ ಓಡುವುದು

ಮಂಡ್ಯ

ಚಿ|| ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಾಲೆಗೆ ನೀರು ಬಿಟ್ಟಿದ್ದಾರೆ, ನಿಮ್ಮಪ್ಪ ಹಗಲೂ ರಾತ್ರಿ ಗದ್ದೆಯಲ್ಲೇ. ನಿನ್ನೆ ಊಟಕ್ಕೆ ಕೂತಾಗ ವಿಷಯ ಹೇಳಿದ. ಮೈಸೂರಿನ ಓಟದಲ್ಲಿ ನೀನು ಅರ್ಧಕ್ಕೇ ನಿಂತುಬಿಟ್ಟೆಯಂತೆ. ಇನ್ನು ಈ ಹುಲ್ಲು, ಕೆಸರು, ಗುಡ್ಡದಲ್ಲಿ ಓಡುವ ಕ್ರಾಸ್ ಕಂಟ್ರಿ ಸಹವಾಸ ಬೇಡ, ಟ್ರ್ಯಾಕ್ ಒಂದೇ ಸಾಕು ಅಂದೆಯಂತೆ. ಫೋನ್ ಮಾಡಿದರೆ ನೀನು ಅಳುತ್ತೀಯ, ನನಗೂ ಮಾತು ಬರುವುದಿಲ್ಲ. ಅದಕ್ಕೆ ಕಾಗದ ಬರೆಯುತ್ತಿದ್ದೇನೆ.

ನಿಂತದ್ದಕ್ಕೇ ನಾನು ಬೈಯುವವನಲ್ಲ. ಕಾಲು ಉಳುಕಿದರೆ, ತಲೆ ಸುತ್ತಿದರೆ ನಿಲ್ಲಬೇಕು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸುಡುಬಿಸಿಲಿನಲ್ಲಿ ಕ್ರಾಸ್ ಕಂಟ್ರಿಗೆ 38 ಜನ ಹೊರಟು 15 ಜನ ಮಾತ್ರ ಗುರಿ ಮುಟ್ಟಿದರು. ಒಲಿಂಪಿಕ್ಸ್‌ನಿಂದ ಕ್ರಾಸ್ ಕಂಟ್ರಿಯನ್ನೇ ಆಮೇಲೆ ತೆಗೆದುಹಾಕಿದರು. ಆದರೆ ನಿನಗೆ ಆದದ್ದು ಅದಲ್ಲ. ಮುಂದಿನ ಗುಂಪು ಕೈಬಿಟ್ಟು ಹೋಯಿತು, ಇನ್ನು ಪದಕ ಸಿಗುವುದಿಲ್ಲ, ಓಡಿ ಏನು ಪ್ರಯೋಜನ ಅಂತ ನಿಂತೆ. ಆ ಲೆಕ್ಕ ತಪ್ಪು ಮಗಳೇ.

ನಿನ್ನ ಹಾಸ್ಟೆಲ್ ಗೋಡೆಯ ಮೇಲೆ ವಿಶ್ವ ಕ್ರಾಸ್ ಕಂಟ್ರಿ ಅಂತ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದೀಯಲ್ಲ, ಅಲ್ಲಿಯ ಲೆಕ್ಕ ಹೇಳುತ್ತೇನೆ ಕೇಳು. ಹಿರಿಯರಿಗೆ, ಗಂಡಸರಿಗೂ ಹೆಂಗಸರಿಗೂ, 10 ಕಿಲೋಮೀಟರ್. ಇಪ್ಪತ್ತರೊಳಗಿನ ಹುಡುಗರಿಗೆ 8, ಹುಡುಗಿಯರಿಗೆ 6. ಒಂದು ದೇಶದಿಂದ ಆರು ಜನ ಓಡಬಹುದು, ಮೊದಲು ಬಂದ ನಾಲ್ವರ ಸ್ಥಾನ ಕೂಡಿಸುತ್ತಾರೆ. ಯಾರ ಮೊತ್ತ ಕಮ್ಮಿಯೋ ಅವರು ಗೆದ್ದರು. ಒಂದು ತಂಡ 1, 2, 3ನೇ ಸ್ಥಾನ ಬಾಚಿಕೊಂಡು ನಾಲ್ಕನೆಯವಳು 30ನೆಯವಳಾಗಿ ಬಂದಳು ಅನ್ನು. ಮೊತ್ತ 36. ಇನ್ನೊಂದು ತಂಡದವರು 6, 7, 8, 9. ಮೊತ್ತ 30. ಒಬ್ಬೊಬ್ಬರಾಗಿ ಪದಕದ ಹತ್ತಿರವೂ ಸುಳಿಯದ ನಾಲ್ವರು ತಂಡದ ಚಿನ್ನ ಹೊತ್ತುಕೊಂಡು ಹೋಗುತ್ತಾರೆ. ಮೊತ್ತ ಸಮ ಬಂದರೆ ಆಗಲೂ ನೋಡುವುದು ನಾಲ್ಕನೆಯವಳ ಜಾಗವನ್ನೇ. ಹಿಂದೆ ಬಿದ್ದವಳು ದಾಟುವ ಒಬ್ಬೊಬ್ಬಳಿಗೂ ತಂಡದ ಮೊತ್ತ ಒಂದೊಂದು ಅಂಕ ಇಳಿಯುತ್ತದೆ. ನೀನು ನಿಂತಾಗ ನಿನ್ನ ತಂಡದಲ್ಲಿ ನೀನೇ ನಾಲ್ಕನೆಯವಳು.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಕಾಲೇಜಿನಲ್ಲಿದ್ದಾಗ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಒಂದು ಓಟ. ಕೊನೆಯ ಏರಿನಲ್ಲಿ ಏಳೆಂಟು ಜನ ನನ್ನನ್ನು ದಾಟಿದರು. ನಾನು ಪಕ್ಕಕ್ಕೆ ಸರಿದು ಹೊಂಗೆ ಮರದ ಕೆಳಗೆ ಕೂತೆ. ಎರಡೇ ಅಂಕದಲ್ಲಿ ನಮ್ಮ ತಂಡಕ್ಕೆ ಮೂರನೇ ಸ್ಥಾನ ತಪ್ಪಿತು. ನಾನು ನಡೆದುಕೊಂಡು ಹೋಗಿದ್ದರೂ ಸಿಗುತ್ತಿತ್ತೇನೋ. ನಮ್ಮಲ್ಲಿ ಎಲ್ಲರಿಗಿಂತ ಮುಂದೆ ಬಂದವನು ಕಬ್ಬು ಕಡಿಯುವವರ ಮಗ, ಬರಿಗಾಲಲ್ಲಿ ಓಡಿದ್ದ. ವಾಪಸ್ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತು ಬುತ್ತಿ ಬಿಚ್ಚಿದ. ಎರಡು ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಒಂದು ರೊಟ್ಟಿ ನನ್ನ ಕೈಗಿಟ್ಟ. ಒಂದು ಮಾತೂ ಆಡಲಿಲ್ಲ. ಶ್ರೀರಂಗಪಟ್ಟಣ ದಾಟುವವರೆಗೂ ಆ ರೊಟ್ಟಿ ನನ್ನ ಕೈಯಲ್ಲೇ ಇತ್ತು, ಗಂಟಲಲ್ಲಿ ಇಳಿಯಲಿಲ್ಲ. ನಲವತ್ತು ವರ್ಷವಾಯಿತು ಪುಟ್ಟಿ.

ದೊಡ್ಡವರೂ ನಿಂತಿದ್ದಾರೆ. ವಿಶ್ವ ಕ್ರಾಸ್ ಕಂಟ್ರಿಯಲ್ಲಿ ಆಗ ಗಿಡ್ಡ ಓಟವೂ ಇತ್ತು. ಇಥಿಯೋಪಿಯಾದ ಕೆನೆನಿಸಾ ಬೆಕೆಲೆ 2002ರಿಂದ 2006ರವರೆಗೆ ಐದು ವರ್ಷ ಸತತವಾಗಿ ಗಿಡ್ಡ ಓಟ, ಉದ್ದ ಓಟ ಎರಡನ್ನೂ ಗೆದ್ದವನು. 2007ರಲ್ಲಿ ಕೀನ್ಯಾದ ಮೊಂಬಾಸಾದ ಧಗೆ ತಡೆಯಲಾರದೆ ಕೊನೆಯ ಸುತ್ತಿನಲ್ಲಿ ಹೊರಬಿದ್ದ. ಮರುವರ್ಷ ಎಡಿನ್‌ಬರೋದಲ್ಲಿ ಮತ್ತೆ ಬಂದ. ಶುರುವಿನಲ್ಲೇ ಹಿಂದಿನವರು ಹಿಮ್ಮಡಿ ತುಳಿದು ಶೂ ಕಳಚಿತು. ನಿಂತು, ಬಗ್ಗಿ, ಶೂ ಹಾಕಿಕೊಂಡು ಎದ್ದಾಗ ಗುಂಪು ದೂರ ಹೋಗಿತ್ತು. ಒಬ್ಬೊಬ್ಬರನ್ನೇ ಹಿಡಿಯುತ್ತಾ ಹೋಗಿ ಗೆದ್ದ. ನಿಲ್ಲುವುದಕ್ಕೂ ಬಿಟ್ಟುಬಿಡುವುದಕ್ಕೂ ಎಷ್ಟು ದೂರವಿದೆ ನೋಡು.

ಇನ್ನು ಟ್ರ್ಯಾಕ್ ವಿಷಯ. ಓಡು, ಯಾರು ಬೇಡ ಅಂದರು? ಕೀನ್ಯಾದ ಬಿಯಾಟ್ರಿಸ್ ಚೆಬೆಟ್ 2019ರಲ್ಲಿ ಆರ್ಹುಸ್‌ನಲ್ಲಿ ವಿಶ್ವ ಕ್ರಾಸ್ ಕಂಟ್ರಿಯ ಜೂನಿಯರ್ ಹುಡುಗಿಯರ ಓಟ ಗೆದ್ದಳು. 2023ರಲ್ಲಿ ಆಸ್ಟ್ರೇಲಿಯಾದ ಬ್ಯಾಥರ್ಸ್ಟ್‌ನಲ್ಲಿ ಹಿರಿಯರ ಓಟ. ಅಲ್ಲಿ ಮುಂದಿದ್ದ ಇಥಿಯೋಪಿಯಾದ ಲೆಟೆಸೆನ್‌ಬೆಟ್ ಗಿಡೆ ಗುರಿ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಕುಸಿದುಬಿದ್ದಳು. ಹಿಂದಿದ್ದ ಚೆಬೆಟ್ ಓಟ ಬಿಟ್ಟಿರಲಿಲ್ಲ, ದಾಟಿ ಹೋಗಿ ಗೆದ್ದಳು. ಮರುವರ್ಷ ಅದೇ ಚೆಬೆಟ್ 10,000 ಮೀಟರನ್ನು 29 ನಿಮಿಷದೊಳಗೆ ಓಡಿದ ಮೊದಲ ಹೆಂಗಸಾದಳು, ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ತಂದಳು. ಹುಲ್ಲು, ಕೆಸರು, ಏರುಪೇರು ತುಳಿದ ಕಾಲು ಟ್ರ್ಯಾಕಿಗೆ ಕೆಡುವುದಿಲ್ಲ.

ನಿನ್ನ ಕೋಚ್ ಹೇಳಿದ ಹಾಗೆ ಮಾಡು, ನಾನು ಅಡ್ಡ ಬರುವುದಿಲ್ಲ. ಮೂರೇ ಮಾತು ನನ್ನವು. ಮಣ್ಣಿನಲ್ಲಿ ಓಡುವಾಗ ಕೈಗಡಿಯಾರ ನೋಡಬೇಡ. ನೆಂದ ನೆಲದ ನಿಮಿಷಕ್ಕೂ ಒಣ ನೆಲದ ನಿಮಿಷಕ್ಕೂ ತಾಳೆಯಾಗುವುದಿಲ್ಲ, ಸುಮ್ಮನೆ ಧೈರ್ಯ ಕುಂದುತ್ತದೆ. ಮುಂದಿರುವವಳ ಬೆನ್ನು ನೋಡು. ಬೆಟ್ಟದ ಮೆಟ್ಟಿಲು ಹತ್ತುವಾಗ ಓಡು, ಇಳಿಯುವಾಗ ನಡಿ. ಕಲ್ಲಿನ ಮೇಲೆ ಓಡಿ ಇಳಿದರೆ ಮಂಡಿ ಹೋಗುತ್ತದೆ. ಶೂ ಲೇಸಿಗೆ ಎರಡು ಗಂಟು ಹಾಕು, ಬೆಕೆಲೆಯನ್ನು ನೆನೆದುಕೊಂಡು.

ಆ ದಿನ ನಿನ್ನ ಹಿಂದಿದ್ದ ಹುಡುಗಿ, ನಿಮ್ಮ ತಂಡದವಳು, ನೀನು ನಿಂತಮೇಲೆ ನಾಲ್ಕನೆಯವಳಾಗಿ ಓಡಿ ಮುಗಿಸಿದಳಂತೆ. ಮುಗಿಸಿದಮೇಲೆ ಅಲ್ಲೇ ವಾಂತಿ ಮಾಡಿಕೊಂಡಳಂತೆ. ನಿಮ್ಮಪ್ಪ ಅದನ್ನೂ ಹೇಳಿದ. ಅವಳ ಹತ್ತಿರ ಮಾತಾಡಿದೆಯೋ ಇಲ್ಲವೋ? ಇಲ್ಲದಿದ್ದರೆ ಈ ಕಾಗದ ಓದಿದ ದಿನವೇ ಹೋಗು. ಬರುವ ಭಾನುವಾರ ಅವಳನ್ನೂ ಕರೆದುಕೊಂಡು ಮೊದಲ ಬಸ್ಸಿಗೆ ಬಾ. ನಾಲೆ ಏರಿಯ ಮೇಲೆ ಇಬ್ಬರೂ ಓಡಿ, ನಾನು ಸೈಕಲ್ಲಿನಲ್ಲಿ ಹಿಂದೆ ಬರುತ್ತೇನೆ. ನಿಮ್ಮ ದೊಡ್ಡಮ್ಮ ರೊಟ್ಟಿ ತಟ್ಟುತ್ತಾಳೆ, ಹುಚ್ಚೆಳ್ಳು ಹುರಿದಿಟ್ಟಿದ್ದಾಳೆ.

ಇತಿ,
ನಿನ್ನ ದೊಡ್ಡಪ್ಪ